ಮುಯ್ಯಿಗೆ ಎದ್ದ ಐದನೇ ಇಯತ್ತೆ

ನಮ್ಮ ಶಾಲೆಗೆ ಹೊಸ ಕೋಣೆ ಕಟ್ಟುವ ಕೆಲಸ ಒಂದು ಬಣವಿಯ ಮುಂದೆ ಬಂದು ನಿಂತಿತು. ಶಾಲೆಯ ಮೂಡಣ ಗೋಡೆಯ ಆಚೆಗೆ ಊರ ಕಣ. ಕಣದ ಈಚೆಯ ಮೂಲೆಯಲ್ಲಿ, ಕೋಣೆ ಏಳಬೇಕಾಗಿದ್ದ ಜಾಗದಲ್ಲಿಯೇ, ಕೆಳಗಿನ ಓಣಿಯ ಒಬ್ಬ ಅಜ್ಜಿ ತನ್ನ ಅತ್ತೆಯ ಕಾಲದಿಂದಲೂ ಜೋಳದ ಒಣದಂಟಿನ ಕಣಿಕೆ ಒಟ್ಟುತ್ತಿದ್ದಳು. ಊರಲ್ಲಿ ಬೇರೆ ಜಾಗ ಇರಲಿಲ್ಲವೆಂದಲ್ಲ. ಆದರೆ ನನ್ನನ್ನೂ ಹಿಡಿದು ಇದ್ದವರು ಇಬ್ಬರೇ ಮಾಸ್ತರರು. ಎಲ್ಲ ಇಯತ್ತೆಗಳ ಮೇಲೆ ನಮ್ಮ ಕಣ್ಣು ಇರಬೇಕೆಂದರೆ ಹೊಸ ಕೋಣೆ ಹಳೆಯ ಶಾಲೆಗೆ ಹತ್ತಿಕೊಂಡೇ ಇರಬೇಕಿತ್ತು.

ಊರು ಶಿಗ್ಗಾವಿ ತಾಲೂಕಿನದು, ತಡಸದಿಂದ ಹಾನಗಲ್ಲ ಕಡೆಗೆ ಹೋಗುವ ಗಾಡಿದಾರಿಯ ಬದಿಗೆ. ಆಗ ನಾವೆಲ್ಲ ಮುಂಬಯಿ ಇಲಾಖೆಯ ಮಂದಿ, ಎರಡನೆಯ ಯುದ್ಧ ಇನ್ನೂ ಶುರುವಾಗಿರಲಿಲ್ಲ. ಹೆಡ್‌ಮಾಸ್ತರರು ಸವಣೂರಿನವರು. ವಾರಕ್ಕೊಮ್ಮೆ ಅವರ ಮನೆಯಿಂದ ವೀಳ್ಯದೆಲೆಯ ಕಟ್ಟು ಬರುತ್ತಿತ್ತು, ಅದು ಬಂದ ದಿನ ಅವರು ಯಾರಿಗೂ ಬೈಯುತ್ತಿರಲಿಲ್ಲ. ಊರವರು ಅವರಿಗೆ ದೊಡ್ಡ ಮಾಸ್ತರ, ನನಗೆ ಸಣ್ಣ ಮಾಸ್ತರ ಅನ್ನುತ್ತಿದ್ದರು. ದೊಡ್ಡ ಮಾಸ್ತರರ ಕೈಯಲ್ಲಿ ಮಗ್ಗಿ ಕಲಿತ ಹುಡುಗ ಯಾವ ಸಂತೆಯಲ್ಲಿಯೂ ಮೋಸ ಹೋಗುವುದಿಲ್ಲ ಎಂಬ ಮಾತು ಸುತ್ತಲೂ ಹಬ್ಬಿತ್ತು. ಅದರಿಂದಲೇ ಆಚೀಚೆಯ ಹಳ್ಳಿಗಳ ಮಕ್ಕಳು ರೊಟ್ಟಿಗಂಟು ಕಟ್ಟಿಕೊಂಡು ಹೊಲದ ಬದುವಿನ ಮೇಲೆ ಸಾಲಾಗಿ ನಡೆದು ಬರುತ್ತಿದ್ದರು. ಶಾಲೆ ಮಾತ್ರ ಎರಡು ಅಂಕಣದ್ದು. ಸಣ್ಣವರು ಚಾವಡಿಯ ಕಟ್ಟೆಯ ಮೇಲೆ, ನಾಲ್ಕನೇ ಇಯತ್ತೆ ಬೇವಿನ ಗಿಡದ ಕೆಳಗೆ. ಊರಾಚೆಯ ಕೇರಿಯ ಮಕ್ಕಳು ಮಳೆ ಇರಲಿ ಬಿಸಿಲಿರಲಿ ಶಾಲೆಯ ಹೊರಗಿನ ಕಟ್ಟೆಯ ಮೇಲೆ. ಮಳೆ ಬಂದರೆ ಉಳಿದವರೆಲ್ಲ ಒಳಗೆ ನುಗ್ಗುತ್ತಿದ್ದರು. ಒಂದು ಸಾಲು ಎರಡರ ಮಗ್ಗಿ, ಅದರ ಬೆನ್ನಿಗೆ ಬೆನ್ನು ಹಚ್ಚಿ ಕುಂತ ಸಾಲು ಹದಿಮೂರರ ಮಗ್ಗಿ. ಎರಡೂ ಕೂಡಿ ಎಂಥ ಲೆಕ್ಕ ಹುಟ್ಟುತ್ತಿತ್ತೆಂದು ಹೇಳಲಾರೆ.

ಹಿಂದಿನ ತನಿಖೆಗೆ ಬಂದಾಗ ಶಾಲೆಗಳ ದಿಪೋಟಿ ಇನ್ಸ್‌ಪೆಕ್ಟರ್ ಸಾಹೇಬರು ಖಂಡಿತವಾಗಿ ಹೇಳಿ ಹೋಗಿದ್ದರು: ಮುಂದಿನ ತನಿಖೆಯ ಹೊತ್ತಿಗೆ ಕೋಣೆಯ ಗೋಡೆ ಎದ್ದಿದ್ದರೆ ಸ್ಕೂಲ್ ಬೋರ್ಡಿನವರು ಹೆಂಚು ಕೊಡುತ್ತಾರೆ, ಐದನೇ ಇಯತ್ತೆಗೂ ಮಂಜೂರಾತಿ ಸಿಗುತ್ತದೆ. ಇಲ್ಲದಿದ್ದರೆ ಐದನೇ ಇಯತ್ತೆ ಬೇರೆ ಊರಿಗೆ.

ಬೇರೆ ಊರಿಗೆ ಹೋದರೆ ಏನಾಗುತ್ತದೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ನಾನು ಇದೇ ಊರಿನವನು, ಇದೇ ಶಾಲೆಯಲ್ಲಿ ನಾಲ್ಕನೆಯದು ಮುಗಿಸಿದವನು. ಆಮೇಲೆ ಇಲ್ಲಿ ಇಯತ್ತೆ ಇರಲಿಲ್ಲ, ದೂರ ಕಳಿಸಲು ಮನೆಯಲ್ಲಿ ಆಗಲಿಲ್ಲ. ಮೀಸೆ ಬರುವತನಕ ದನ ಕಾಯ್ದೆ, ಕೂಲಿ ಮಾಡಿದೆ. ಮೀಸೆ ಬಂದಮೇಲೆ ಹಾನಗಲ್ಲಿನಲ್ಲಿ ಸಣ್ಣ ಹುಡುಗರ ನಡುವೆ ಕುಂತು ಮಾಸ್ತರಿಕೆಗೆ ಬೇಕಾದ ಮುಲ್ಕಿ ಪರೀಕ್ಷೆ ಪಾಸು ಮಾಡಿಕೊಂಡೆ. ಈಗ ಬೇವಿನ ಗಿಡದ ಕೆಳಗೆ ಕುಂತಿದ್ದ ನಾಲ್ಕನೆಯವರಲ್ಲಿ ಹೆಚ್ಚಿನವರು ನನ್ನಂಥ ಮನೆಯ ಮಕ್ಕಳೇ. ಅಜ್ಜಿಯ ಮೊಮ್ಮಗನೂ ಅವರಲ್ಲೊಬ್ಬ.

ದಸರೆಯ ಬನ್ನಿ ಮುಗಿದ ಮೇಲೆ ಗೌಡರು ಚಾವಡಿಯಲ್ಲಿ ಊರ ಮಂದಿಯನ್ನು ಕೂಡಿಸಿದರು. ಮೇಲಿನ ಓಣಿಯವರು ಒಂದು ಕಡೆ, ಕೆಳಗಿನ ಓಣಿಯವರು ಒಂದು ಕಡೆ ಕುಂತರು. ಕುಂತ ರೀತಿಯಲ್ಲೇ ಅರ್ಧ ತೀರ್ಮಾನವಾಗಿತ್ತು.

"ಸಾಲಿ ದೊಡ್ಡದಾಗ್ಲಿ ಅಂತೇನಿ ನಾನು," ಅಂದರು ಗೌಡರು. "ನಿಮ್ಮ ಮಾತು ಏನೈತಿ, ಹೇಳ್ರಿ."

ಕೆಳಗಿನ ಓಣಿಯ ಒಬ್ಬ ರೈತ ಎದ್ದ. "ದೊಡ್ಡದು ಯಾರ ಸಲುವಾಗಿ ಆಗಬೇಕ್ರಿ ಗೌಡ್ರ? ನಮ್ಮೂರ ಹುಡುಗೂರಿಗೆ ಈಗಿನ ಸಾಲಿನ ಸಾಕಾಗತೈತಿ. ಸುತ್ತ ಹಳ್ಳ್ಯಾಗಿನ ಹುಡುಗೂರೆಲ್ಲಾ ಬಂದು ಕುಂತ್ರ ಅದಕ್ಕ ನಾವು ಕಣಾ ಬಿಟ್ಟುಕೊಡಬೇಕೇನು?"

"ಅವರೂ ಹುಡುಗೂರ ಅಲ್ಲೇನಪಾ," ಎಂದ ಮೇಲಿನ ಓಣಿಯ ಒಬ್ಬ.

"ಹುಡುಗೂರ ಹೌದು. ಬರೂವಾಗ ರೊಟ್ಟಿ ಕಟಗೊಂಡು ಬರ್ತಾವ, ಹೋಗೂವಾಗ ನಮ್ಮ ಹೊಲದಾನ ಕಡ್ಲಿ ಕಿತಗೊಂಡು ಹೋಗ್ತಾವ."

ಮಂದಿ ನಕ್ಕಿತು. ಹೆಂಗಸರು ಚಾವಡಿ ಹತ್ತುವ ರೂಢಿ ಇರಲಿಲ್ಲ. ಅಜ್ಜಿ ಕೆಳಗೆ ಬೇವಿನ ಗಿಡಕ್ಕೆ ಒರಗಿ ನಿಂತಿದ್ದಳು. ಅಲ್ಲಿಂದಲೇ ದನಿ ಎತ್ತಿದಳು.

"ಕಡ್ಲಿ ಬಿಡೋ. ನನ್ನ ಬಣವಿ ನೋಡ್ರಿ ಬಂದು. ಜಗ್ಗಿ ಜಗ್ಗಿ ಅದರ ನಡು ಸಣ್ಣ ಮಾಡ್ಯಾವ. ಒಂದೊಂದರ ಕೈಯಾಗ ಒಂದೊಂದು ಬೆಂಡಿನ ಗಾಡಿ. ನನ್ನ ಎತ್ತು ತಿನ್ನೂ ಮೇವಿಗೆ ಅವು ನೊಗಾ ಹೂಡ್ಯಾವ."

ಅದು ನಿಜವೇ ಆಗಿತ್ತು. ಜೋಳದ ದಂಟಿನ ಬೆಂಡಿನಿಂದ ಗಾಡಿ ಮಾಡುವುದರಲ್ಲಿ ನಮ್ಮ ಶಾಲೆಯ ಮಕ್ಕಳನ್ನು ಮೀರಿಸುವವರು ಇರಲಿಲ್ಲ.

ದೊಡ್ಡ ಮಾಸ್ತರರು ಕಟ್ಟೆಯ ಅಂಚಿಗೆ ಬಂದರು. "ಯವ್ವಾ, ಜಾಗಾ ಬಿಟ್ಟುಕೊಡು. ಆ ಕಡಿ ಮೂಲಿಗೆ ಬಣವಿ ಸರಿಸೂ ಜವಾಬ್ದಾರಿ ನಮ್ದು."

"ಸರಸಾಕ ಮಂದಿ ಬೇಕು ಮಾಸ್ತರ. ಮೆಣಸಿನಕಾಯಿ ಬಿಡಸಾಕ ಮಂದಿ ಸಿಗವಲ್ರು. ಗ್ವಾಡಿ ಕಟ್ಟಾಕ ನಮ್ಮ ಮನಿಯವರೆಲ್ಲಾ ಬರಬೇಕಂತೀರಿ. ನಮ್ಮ ಹೊಲಕ್ಕ ಯಾರು ಬರ್ತಾರ? ನೀವು ಬರ್ತೀರೇನು ಮುಯ್ಯಿಗೆ?"

ಈ ಸಲ ಎರಡೂ ಓಣಿಯವರು ಕೂಡಿಯೇ ನಕ್ಕರು. ಮುಯ್ಯಿ ಅಂದರೆ ಇವತ್ತು ನಾನು ನಿನ್ನ ಹೊಲಕ್ಕೆ, ನಾಳೆ ನೀನು ನನ್ನ ಹೊಲಕ್ಕೆ. ಕೂಲಿ ಇಲ್ಲ, ಮಧ್ಯಾಹ್ನದ ರೊಟ್ಟಿ ಮಾತ್ರ. ರೈತರು ರೈತರ ನಡುವೆ ನಡೆಸುವ ವ್ಯವಹಾರ. ಕೋಟು, ರುಮಾಲಿನ ಮಾಸ್ತರ ಮುಯ್ಯಿಗೆ ಹೋಗುವುದೆಂದರೆ ದೇವರಿಗೆ ಬಿಟ್ಟ ಬಸವ ರಂಟೆ ಎಳೆದಂತೆ. ಆ ನಗೆಯಲ್ಲೇ ಸಭೆ ಮುರಿಯಿತು. ಏನೂ ತೀರ್ಮಾನವಾಗಲಿಲ್ಲ.

ನಾವಿಬ್ಬರೂ ಶಾಲೆಯ ಕಡೆಗೆ ನಡೆದೆವು. ದೊಡ್ಡ ಮಾಸ್ತರರು ಎಲೆಗೆ ಸುಣ್ಣ ಹಚ್ಚಿದವರು ಬಾಯಿಗೆ ಹಾಕಿಕೊಳ್ಳದೆ ಹಾಗೆಯೇ ಹಿಡಿದಿದ್ದರು.

"ಏನಂದ್ಲು ಆಕಿ?"

"ಮುಯ್ಯಿಗೆ ಬರ್ತೀರೇನು ಅಂದ್ಲ್ರಿ. ಚಾಷ್ಟಿ ಮಾಡಿದ್ಲು."

"ಚಾಷ್ಟಿ ಇರಲಿ. ಬರ್ತೀವಿ ಅಂತ ನಾವ್ಯಾಕ ಅನಲಿಲ್ಲ?"

ನಾನು ಅವರ ಮುಖ ನೋಡಿದೆ. ನಗುತ್ತಿರಲಿಲ್ಲ.

"ನನಗ ಕುಡಗೋಲು ಹಿಡದು ಗೊತ್ತಿಲ್ಲ," ಅಂದರು. "ನೀ ಕಲಸು."

ಮರುದಿನ ಗೌಡರ ಮುಂದೆ ಕರಾರು ಮಾಡಿದೆವು. ಗೋಡೆಗೆ ಯಾವ ಮನೆಯವರು ಒಂದು ದಿನ ದುಡಿಯುತ್ತಾರೋ ಅವರ ಹೊಲಕ್ಕೆ ಶಾಲೆ ಒಂದು ದಿನ ಬರುತ್ತದೆ: ಒಬ್ಬ ಮಾಸ್ತರ, ಜೊತೆಗೆ ನಾಲ್ಕನೇ ಇಯತ್ತೆಯಲ್ಲಿ ಮನೆಯವರು ಹೂಂ ಎಂದ ಮಕ್ಕಳು. ಆದಿತ್ಯವಾರ ಮತ್ತು ಶನಿವಾರದ ಅರ್ಧ ದಿನ. ಗೌಡರು ಮೀಸೆ ಸವರಿದರು. "ಮಾಡ್ರಿ, ನೋಡೂಣು," ಅಂದರು. ಅಜ್ಜಿಗೆ ಸುದ್ದಿ ಮುಟ್ಟಿಸಲು ನಾನೇ ಹೋದೆ. ಅವಳು ಕಸಬರಿಗೆ ಹಿಡಿದವಳು ನಿಂತು ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು.

"ಮೊದಲ ಬಣವಿ ಸರಸ್ರಿ. ಆಮ್ಯಾಲ ಮಾತು."

ಬಣವಿಯ ಕೆಲಸಕ್ಕೆ ನಾನೇ ಮುಂದಾಳು. ಎಷ್ಟೋ ಬಣವಿ ಒಟ್ಟಿದ ಕೈ ಅಂತ ನನಗೂ ಧೈರ್ಯ ಇತ್ತು. ಮಳೆಗಾಲ ಪೂರ್ತಿ ದನ ತಿಂದು ಬಣವಿ ಕಿರಿದಾಗಿತ್ತು. ಮಕ್ಕಳು ಕಣಿಕೆಯ ಕಟ್ಟುಗಳನ್ನು ಸೂಡು ಸೂಡಾಗಿ ಹೊತ್ತು ತಂದರು, ದೊಡ್ಡ ಮಾಸ್ತರರು ಧೋತರ ಮೇಲೆ ಕಟ್ಟಿ ಕೈಯಿಂದ ಕೈಗೆ ದಾಟಿಸಿದರು, ನಾನು ಮೇಲೆ ನಿಂತು ಒಟ್ಟಿದೆ. ಸಂಜೆಗೆ ಬಣವಿ ನಿಂತಿತ್ತು. ಸ್ವಲ್ಪ ಶಾಲೆಯ ಕಡೆಗೆ ಬಾಗಿದಂತೆ ಕಾಣುತ್ತಿತ್ತು, ನೆಳಲಿನಿಂದ ಹಾಗೆ ಕಾಣುತ್ತದೆ ಅಂದುಕೊಂಡೆವು. ಬೆಳಿಗ್ಗೆ ಬಂದು ನೋಡಿದರೆ ಅದು ಪೂರಾ ಮಗ್ಗುಲಾಗಿ ಮಲಗಿತ್ತು. ಕೋಣೆ ಬರುವ ಜಾಗದ ಮೇಲೆಯೇ.

ಅಜ್ಜಿ ಸೊಂಟದ ಮೇಲೆ ಕೈ ಇಟ್ಟು ನೋಡಿದಳು. ನಾನು ಬೈಗುಳಕ್ಕೆ ತಯಾರಾಗಿ ನಿಂತೆ. ಅವಳು ಕಣದ ಮೇಲೆ ಕುಂತುಬಿಟ್ಟಳು, ಆಮೇಲೆ ನಗಲು ಶುರು ಮಾಡಿದಳು. ಸೆರಗಿನಿಂದ ಕಣ್ಣು ಒರೆಸಿಕೊಂಡು ಮತ್ತೆ ನಕ್ಕಳು.

"ದನಾ ಕಾಯೂ ಮುಂದ ಎಷ್ಟ ಶಾಣ್ಯಾ ಇದ್ದೀ ನೀನು. ಮುಲ್ಕಿ ಪಾಸಾಗಿ ಕೆಟ್ಟಿ ನೋಡು."

ಎದ್ದು ಸೀರೆಯ ಕಚ್ಚೆ ಬಿಗಿದು ತಾನೇ ಮೇಲೆ ಹತ್ತಿದಳು. ತೆನೆ ಮುರಿದ ತುದಿ ಒಳಗೆ, ಬುಡ ಹೊರಗೆ. ಪ್ರತಿ ಸುತ್ತಿಗೂ ನಡುವೆ ಒಂದು ಸೂಡು ಹೆಚ್ಚು ಹಾಕಿ ತುಳಿದು ಎತ್ತರ ಮಾಡಬೇಕು, ಹಾಗಿದ್ದರೆ ಮಳೆನೀರು ಹೊರಗೆ ಜಾರುತ್ತದೆ, ಭಾರ ಒಳಗೆ ನಿಲ್ಲುತ್ತದೆ. ನಾನು ನಡುವಿನ ಆ ಸೂಡನ್ನೇ ಮರೆತಿದ್ದೆ. ಮಧ್ಯಾಹ್ನದ ಹೊತ್ತಿಗೆ ಬಣವಿ ಆಚೆ ಮೂಲೆಯಲ್ಲಿ ನೆಟ್ಟಗೆ ನಿಂತಿತು. ಇಳಿದು ಬಂದವಳು ಕೈ ಕೊಡವಿಕೊಂಡು ದೊಡ್ಡ ಮಾಸ್ತರರನ್ನು ಕೇಳಿದಳು:

"ಈಗ ಹೇಳ್ರಿ, ಇವತ್ತಿಂದು ಯಾರ ಮ್ಯಾಲ ಮುಯ್ಯಿ ಆತು?"

"ನಿನ್ನ ಬಣವಿ ಸರಿಸೂದು ನಮ್ಮ ಕೆಲಸಾಗಿತ್ತು," ಅಂದರು ಅವರು. "ನೀ ಮಾಡೀದಿ. ನಮ್ಮ ಮ್ಯಾಲ ಆತು."

ಅವಳು ಅದನ್ನು ನಿರೀಕ್ಷಿಸಿರಲಿಲ್ಲ ಅಂತ ಕಾಣುತ್ತದೆ. ತಲೆಯಾಡಿಸಿ ಮನೆಗೆ ಹೋದಳು. ಸಂಜೆಯೊಳಗೆ ಕೆಳಗಿನ ಓಣಿಯಲ್ಲಿ ಎಲ್ಲರ ಬಾಯಿಯಲ್ಲೂ ಇದೇ ಮಾತು: ಸಾಲಿಯವರ ಮೇಲೆ ಅಜ್ಜಿಯ ಮುಯ್ಯಿ ಐತಿ. ಗೋಡೆಗೆ ಬರುತ್ತೇವೆಂದು ಒಬ್ಬೊಬ್ಬರೇ ಹೇಳಿ ಕಳಿಸತೊಡಗಿದರು.

ದೀವಳಿಗೆ ದಾಟಿ ನೆಲ ಒಣಗಿದ ಮೇಲೆ ಗೋಡೆ ಶುರುವಾಯಿತು. ನಮ್ಮ ಕಡೆ ಎರಿಯ ಕಪ್ಪು ಮಣ್ಣು ಗೋಡೆಗೆ ಆಗದು, ಒಣಗಿದರೆ ಸೀಳುತ್ತದೆ. ಕೆಂಪು ಮಣ್ಣು ಇದ್ದದ್ದು ಕೇರಿಯ ಹತ್ತಿರದ ದಿಬ್ಬದಲ್ಲಿ. ಅಗೆಯಲು ಹೋದ ದಿನ ಕೇರಿಯ ಹಿರಿಯ ಬಂದು ನಿಂತ.

"ಮಾಸ್ತರ್ರ, ನಮ್ಮವರು ಮಣ್ಣು ಅಗೀತಾರ, ತುಳೀತಾರ. ಕೂಲಿ ಅಂದ್ರ ಕೂಲಿ ಅನ್ರಿ, ಮುಯ್ಯಿ ಅಂದ್ರ ಮುಯ್ಯಿ ಅನ್ರಿ. ಎರಡರಾಗ ಒಂದು ಹೇಳ್ರಿ."

"ಮುಯ್ಯಿ," ಅಂದರು ದೊಡ್ಡ ಮಾಸ್ತರರು.

"ಅಂದ್ರ ನಮ್ಮ ಹೊಲಕ್ಕೂ ಬರ್ತೀರಿ."

"ಬರ್ತೀವಿ."

"ನಮ್ಮ ಹುಡುಗೂರು ಎಲ್ಲೆ ಕುಂಡರ್ತಾವ?"

"ಯಾರು ಕಟ್ಟಿದ ಗ್ವಾಡಿನೋ ಅವರ ಹುಡುಗೂರು ಅದರ ಒಳಗ ಕುಂಡರ್ತಾರ."

ಆ ಮಾತು ಊರಿಗೆ ಮುಟ್ಟಿದ ಮೇಲೆ ಮೇಲಿನ ಓಣಿಯ ಕೆಲವರು ಮಕ್ಕಳನ್ನು ಶಾಲೆಯಿಂದ ಬಿಡಿಸಿಕೊಂಡರು. ಗೌಡರ ಹತ್ತಿರ ದೂರು ಹೋಯಿತು. ಗೌಡರು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಅವರು ತಡೆಯಲಿಲ್ಲ ಎನ್ನುವುದೇ ನಮಗೆ ದೊಡ್ಡ ಆಸರೆಯಾಯಿತು. ಮುಂದಿನ ಆದಿತ್ಯವಾರ ನಾವು ಹಳ್ಳದ ದಂಡೆಯಲ್ಲಿದ್ದ ಕೇರಿಯವರ ತುಂಡು ಹೊಲಕ್ಕೆ ಶೇಂಗಾ ಬಿಡಿಸಲು ಹೋದೆವು. ಮಧ್ಯಾಹ್ನ ಹಿರಿಯನ ಹೆಂಡತಿ ರೊಟ್ಟಿ, ಖಾರ ತಂದು ದೂರದಲ್ಲಿ ಇಟ್ಟಳು. ದೊಡ್ಡ ಮಾಸ್ತರರು ಎದ್ದು ಹೋಗಿ ಬುಟ್ಟಿ ಎತ್ತಿಕೊಂಡು ಬಂದು ನಡುವೆ ಇಟ್ಟರು. "ಖಾರಾ ಭಾಳ ಚಲೋ ಅದ," ಅಂದರು. ಇನ್ನೊಂದು ರೊಟ್ಟಿ ಮುರಿದುಕೊಂಡರು.

ಬಿಡಿಸಿಕೊಂಡ ಮಕ್ಕಳನ್ನು ಮರಳಿ ತಂದದ್ದು ಕೆಸರು. ಕೆಂಪು ಮಣ್ಣಿಗೆ ಹೊಟ್ಟು ಬೆರೆಸಿ, ನೀರು ಹಾಕಿ ನೆನೆಯಿಟ್ಟು, ಮೊಣಕಾಲುತನಕ ಇಳಿದು ತುಳಿಯಬೇಕು. ಶಾಲೆಯ ಮಕ್ಕಳೆಲ್ಲ ಮಗ್ಗಿ ಹೇಳುತ್ತ ಸುತ್ತು ಸುತ್ತು ತುಳಿಯುತ್ತಿರುವಾಗ ಮನೆಯಲ್ಲಿ ಕುಂತ ಮಕ್ಕಳು ಎಷ್ಟು ಹೊತ್ತು ಕುಂತಾವು? ಒಂದೊಂದೇ ಕದ್ದು ಬಂದವು. ಕರೆದೊಯ್ಯಲು ಬಂದ ಅಪ್ಪಂದಿರು ದಡದಲ್ಲಿ ನಿಂತು ಕೂಗಿದರು, ಕೆಸರಿನಲ್ಲಿದ್ದವನು ಯಾರ ಮಗ ಅಂತ ಗುರುತು ಹತ್ತಲಿಲ್ಲ. ಒಬ್ಬಿಬ್ಬರು ಅಲ್ಲೇ ಧೋತರ ಎತ್ತಿ ಕಟ್ಟಿ ಇಳಿದರು. ಒಂದು ಮನೆಯವರು ಮಾತ್ರ ಕೊನೆಯವರೆಗೂ ಬರಲಿಲ್ಲ.

ಗೋಡೆಯನ್ನು ವರಸೆ ವರಸೆಯಾಗಿ ಏರಿಸುತ್ತಾರೆ. ಮೊಳ ಎತ್ತರ ಹಾಕಿ, ಅದು ಒಣಗುವತನಕ ಬಿಟ್ಟು, ಮೇಲೆ ಮತ್ತೊಂದು ವರಸೆ. ಕೆಲಸ ಬೇಗ ಆಗಲಿ ಅಂತ ಮೇಲಿನ ಓಣಿಯವರಿಗೆ ತೆಂಕಣ ಗೋಡೆ, ಕೆಳಗಿನ ಓಣಿಯವರಿಗೆ ಬಡಗಣ ಗೋಡೆ, ಕೇರಿಯವರಿಗೆ ಮೂಡಣ ಗೋಡೆ ಹಂಚಿದೆವು. ನಮ್ಮ ಗೋಡೆ ಮೊದಲು ಅಂತ ಪೈಪೋಟಿ ಹತ್ತಿತು. ಬಡಿಗನನ್ನು ಕರೆದು ತೊಲೆ ಇಡಿಸಬೇಕೆಂದ ದಿನ ಅವನು ಹಿಂದೆ ಸರಿದು ನಿಂತು ಒಂದು ಕಣ್ಣು ಮುಚ್ಚಿದ.

"ಏನ್ರಿ ಮಾಸ್ತರ್ರ ಇದು. ಒಂದು ಗ್ವಾಡಿ ನಿಂತೈತಿ, ಒಂದು ಕುಂತೈತಿ."

ಎರಡೂ ಕಡೆಯವರು ಮೊಳ ಲೆಕ್ಕಕ್ಕೆ ಸರಿಯಾಗಿಯೇ ಹಾಕಿದ್ದರು. ಮೇಲಿನ ಓಣಿಯವರು ತಮ್ಮ ತಾಲೀಮಿನ ಪೈಲವಾನನ ಮೊಳದಿಂದ ಅಳೆದಿದ್ದರು, ಕೆಳಗಿನ ಓಣಿಯವರು ಅಜ್ಜಿಯ ಮೊಳದಿಂದ.

"ತಮ್ಮದು ಕಡೀಲಿ ಅವರು," ಅಂದಳು ಅಜ್ಜಿ.

"ಕಟ್ಟಿದ್ದು ಕಡ್ಯಾಕ ನಾವೇನು ಹುಚ್ಚರೇನು? ನಿಮ್ದು ಏರಸ್ರಿ," ಅಂದ ಪೈಲವಾನ.

"ನಮ್ದು ಸರಿ ಐತಿ. ನಿನ್ನ ಕೈ ಉದ್ದ ಆದ್ರ ಅದಕ್ಕ ನಾವೇನು ಮಾಡೂಣು? ನಿಮ್ಮವ್ವನ್ನ ಕೇಳು ಹೋಗು."

ಮತ್ತೆ ಚಾವಡಿ ಕೂಡುವ ಲಕ್ಷಣ ಕಂಡಿತು. ಚಾವಡಿ ಕೂಡಿದರೆ ಸುಗ್ಗಿ ಮುಗಿದರೂ ತೊಲೆ ಏರುವುದಿಲ್ಲ. ನಾನು ಬಡಿಗನ ಕಡೆ ತಿರುಗಿ, ಎತ್ತರದ ಗೋಡೆಯಿಂದ ತಗ್ಗಿನ ಗೋಡೆಗೆ ಒಂದೇ ಇಳಿಜಾರು ಮಾಡಿದರೆ ಹೆಂಚು ನಿಲ್ಲುತ್ತವೆಯೇ ಅಂತ ಕೇಳಿದೆ. ದನದ ಕೊಟ್ಟಿಗೆಗೆ ಹಾಗೆ ಮಾಡುವುದನ್ನು ನೋಡಿದ್ದೆ.

"ನಿಲ್ಲತಾವ್ರಿ. ಇನ್ನೊಂಚೂರು ಇಳುಕು ಇದ್ರ ಇನ್ನೂ ಚಲೋ ನಿಲ್ಲತಾವ."

ಎಂದರೆ ಮೇಲಿನ ಓಣಿಯವರು ಇನ್ನಷ್ಟು ಏರಿಸಬೇಕು. ಅವರಿಗೆ ಅದಕ್ಕಿಂತ ಸಂತೋಷದ ಮಾತು ಯಾವುದು? ಕೆಳಗಿನ ಓಣಿಯವರಿಗೆ ತಮ್ಮ ಗೋಡೆ ಸರಿಯಾದದ್ದೆಂದು ಉಳಿಯಿತು. ಅಡ್ಡ ಗೋಡೆ ಕಟ್ಟಿದ ಕೇರಿಯವರು ಎರಡನ್ನೂ ಕೂಡಿಸಲು ತಮ್ಮ ಗೋಡೆಯ ತಲೆಯನ್ನು ಓರೆಯಾಗಿ ತಿದ್ದಿಕೊಟ್ಟರು. ನಿಜವಾಗಿ ಕಷ್ಟದ ಕೆಲಸ ಅದೇ ಆಗಿತ್ತು.

ಸಂಕ್ರಾಂತಿ ಆಯಿತು. ತೊಲೆ ಏರಿತ್ತು, ಹೆಂಚು ಬಂದಿರಲಿಲ್ಲ. ತನಿಖೆ ಮುಂದಿನ ತಿಂಗಳು ಅಂತ ಸುದ್ದಿ ಇತ್ತು. ಎಲ್ಲರ ಮುಯ್ಯಿ ತೀರಿಸುತ್ತ ಬಂದಿದ್ದೆವು, ಅಜ್ಜಿಯದೊಂದು ಉಳಿದಿತ್ತು. ಅವಳದು ಮೆಣಸಿನಕಾಯಿಯ ಹೊಲ, ಕಾಯಿ ಗಿಡದಲ್ಲಿಯೇ ಕೆಂಪಾಗಿ ನಿಂತಿದ್ದವು. ಒಂದು ಬೆಳಿಗ್ಗೆ ಅಕಾಲದ ಮೋಡ ಕವಿಯಿತು. ಅಜ್ಜಿ ಶಾಲೆಯ ಬಾಗಿಲಿಗೆ ಬಂದಳು. ಮಳೆ ಬಿದ್ದರೆ ಕಾಯಿ ಬಿಳಿಚುತ್ತವೆ, ಕೊಳೆಯುತ್ತವೆ.

"ಮಾಸ್ತರ, ಕೇಳಾಕ ನಾಚಿಕಿ ಆಕೈತಿ. ಇವತ್ತ ಬರ್ತೀರೇನು?"

ಆದಿತ್ಯವಾರ ಇನ್ನೂ ದೂರ ಇತ್ತು. ನಾನು ದೊಡ್ಡ ಮಾಸ್ತರರ ಕಿವಿಯಲ್ಲಿ, "ದಿಪೋಟಿ ಸಾಹೇಬ್ರು ಬಂದ್ರ?" ಅಂದೆ.

"ಅವರು ಮುಂದಿನ ತಿಂಗಳು ಬರೂದು. ಮೋಡ ಇವತ್ತ ಬಂದದ." ಅವರು ಗಂಟೆ ಹೊಡೆದರು. "ಇವತ್ತ ಸಾಲಿ ಹೊಲದಾಗ. ಸಣ್ಣವರು ಮಗ್ಗಿ, ದೊಡ್ಡವರು ಕಾಯಿ ಮತ್ತ ಮಗ್ಗಿ."

ಗಿಡಗಳ ಒಂದೊಂದು ಸಾಲಿಗೆ ಒಂದೊಂದು ಇಯತ್ತೆ ನಿಲ್ಲಿಸಿದೆವು. ನಾಲ್ಕನೆಯವರು ಮುಂದೆ ಬಿಡಿಸುತ್ತ ಹೋದರು, ದೊಡ್ಡ ಮಾಸ್ತರರು ಹಿಂದಿನಿಂದ ಬಾಯಿಲೆಕ್ಕ ಕೇಳುತ್ತ ಹೋದರು. ಲೆಕ್ಕ ತಪ್ಪಿದವನಿಗೆ ಮುಂದಿನ ಗಿಡವೂ ಅವನದೇ. ಅಜ್ಜಿ ಎಲ್ಲರಿಗೂ ಎಚ್ಚರಿಕೆ ಕೊಟ್ಟಿದ್ದಳು: ಕೈ ತೊಳೆಯದೆ ಕಣ್ಣು ಮುಟ್ಟಬೇಡಿರಿ. ಹೊಲ ಅರ್ಧ ಮುಗಿದಿರಬೇಕು. ದಾರಿಯಲ್ಲಿ ಟಾಂಗಾದ ಸದ್ದು ಕೇಳಿತು.

ದಿಪೋಟಿ ಸಾಹೇಬರು ಶಾಲೆಗೆ ಹೋಗಿ, ಯಾರನ್ನೂ ಕಾಣದೆ, ಚಾವಡಿಯ ಓಲೆಕಾರನನ್ನು ಕೇಳಿದ್ದರಂತೆ. ಅವನು, "ಸಾಲಿ ಹೊಲದಾಗ ಐತ್ರಿ," ಅಂದನಂತೆ. ಬದುವಿನ ಮೇಲೆ ಬೂಟು ಜಾರದಂತೆ ಕಾಲಿಡುತ್ತ ಅವರು ಬರುತ್ತಿದ್ದರು. ಐದನೇ ಇಯತ್ತೆ ಹೋಯಿತು ಅಂದುಕೊಂಡೆ. ಮುಂದೆ ನೋಡಿದರೆ ಅಜ್ಜಿಯ ಮೊಮ್ಮಗ ಬುಟ್ಟಿ ಹಿಡಿದು ನಿಂತಿದ್ದ. ಅವನ ವಯಸ್ಸಿನಲ್ಲೇ ನಾನು ಬುಟ್ಟಿ ಹಿಡಿದದ್ದು.

"ಇದೇನ್ರಿ ಹೆಡ್‌ಮಾಸ್ತರ್, ಸಾಲಿ ಬಿಟ್ಟು ಹುಡುಗರನ್ನ ಕೂಲಿಗೆ ತಂದೀರಿ?"

ದೊಡ್ಡ ಮಾಸ್ತರರು ಬಾಯಿ ತೆರೆಯುವ ಮೊದಲೇ ಅಜ್ಜಿ ಅಡ್ಡ ಬಂದಳು. "ಕೂಲಿ ಅಲ್ರಿ ಸಾಹೇಬ್ರ. ಕೂಲಿ ಅಂದ್ರ ನನಗ ಸಿಟ್ಟ ಬರತೈತಿ. ಮುಯ್ಯಿ ಐತಿ ಇದು. ನಿಮ್ಮ ಖೋಲಿ ಗ್ವಾಡಿಗೆ ನಾ ಮಣ್ಣು ಹೊತ್ತೇನಿ, ನನ್ನ ಕಾಯಿ ಅವರು ಬಿಡಸಾಕತ್ತಾರ. ಖೋಲಿ ಕಟ್ಟಸ್ರಿ ಅಂತ ಹೇಳಿ ಹೋದವರು ನೀವು. ಗ್ವಾಡಿ ಏನು ತಾನಾಗಿ ಎದ್ದು ನಿಂದರತೈತೇನು?"

ಸಾಹೇಬರು ರಾಶಿಯಿಂದ ಒಂದು ಕಾಯಿ ಎತ್ತಿಕೊಂಡು, "ಬಣ್ಣ ಛಂದ ಅದ," ಅಂದರು. ಯೋಚನೆ ಮಾಡುತ್ತ ಅದನ್ನು ಮುರಿದರು, ಬೀಜ ಕೊಡವಿದರು. ಮೋಡದ ಸೆಕೆಗೆ ಹಣೆ ಬೆವರಿತ್ತು. ನಾವು ಯಾರೂ ತಡೆಯುವಷ್ಟರಲ್ಲಿ ಅದೇ ಕೈಯಿಂದ ಹಣೆ, ಆಮೇಲೆ ಕಣ್ಣು ಒರೆಸಿಕೊಂಡರು.

ಅಜ್ಜಿ ಅವರ ರಟ್ಟೆ ಹಿಡಿದು ಗಿಡದ ಕೆಳಗೆ ಕುಂಡರಿಸಿದಳು. ಕೈ ತೊಳೆಸಿ, ಮಜ್ಜಿಗೆಯಲ್ಲಿ ಅರಿವೆ ಅದ್ದಿ ಎರಡೂ ಕಣ್ಣಿನ ಮೇಲೆ ಹಾಕಿದಳು. "ಅಳಬ್ಯಾಡ್ರಿ, ಹಿಂಗ ಇಳೀತೈತಿ," ಅಂದಳು, ಮೊಮ್ಮಕ್ಕಳಿಗೆ ಹೇಳುವ ದನಿಯಲ್ಲೇ. "ನಾ ಅಳಾಕತ್ತಿಲ್ಲವಾ," ಅಂದರು ಸಾಹೇಬರು, ನೀರು ಗಲ್ಲದ ಮೇಲೆ ಹರಿಯುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಅರಿವೆಯ ಹಿಂದಿನಿಂದಲೇ, "ಕುಂತು ಏನ್ಮಾಡೂದು, ನಾಲ್ಕನೇ ಇಯತ್ತೆ ಬರ್ರಿ ಮುಂದ," ಅಂದರು.

ಅಂಥ ತನಿಖೆಯನ್ನು ನಾನು ಮತ್ತೆ ನೋಡಲಿಲ್ಲ. ಪ್ರತಿ ವರ್ಷ ಸಾಹೇಬರ ಕಣ್ಣು ಕಂಡೊಡನೆ ನಮ್ಮ ಮಕ್ಕಳ ಬಾಯಿ ಕಟ್ಟುತ್ತಿತ್ತು. ಈ ಸಲ ಆ ಕಣ್ಣುಗಳ ಮೇಲೆ ಮಜ್ಜಿಗೆಯ ಅರಿವೆ. ಕೇಳಿದ್ದಕ್ಕೆಲ್ಲ ಪಟಪಟ ಉತ್ತರ ಬಂತು. ನದಿಗಳ ಹೆಸರು ಹೇಳಿದರು, ಬಡ್ಡಿ ಲೆಕ್ಕ ಮಾಡಿದರು. ಕೇರಿಯ ಹಿರಿಯನ ಮಗಳು ಪದ್ಯ ಹೇಳಿದಳು. "ಇದು ಯಾರ ದನಿ? ಇನ್ನೊಮ್ಮೆ ಹೇಳವಾ," ಅಂದರು ಸಾಹೇಬರು. ಅವಳು ಇನ್ನೊಮ್ಮೆ ಹೇಳಿದಳು. ಅಜ್ಜಿಯ ಮೊಮ್ಮಗ ಬುಟ್ಟಿ ಕೆಳಗೆ ಇಡುವುದನ್ನೇ ಮರೆತು, ಅದನ್ನು ಹೊತ್ತುಕೊಂಡೇ ಹದಿಮೂರರ ಮಗ್ಗಿ ಒಪ್ಪಿಸಿದ.

ಕಣ್ಣು ಬಿಡಲು ಬಂದ ಮೇಲೆ ಅವರನ್ನು ಕೋಣೆ ನೋಡಲು ಕರೆದುಕೊಂಡು ಹೋದೆವು. ಹೊಸ ಗೋಡೆಗಳ ಮುಂದೆ ನಿಂತು ಕಣ್ಣು ಹಿಸುಕಿಕೊಳ್ಳಲು ಹೋಗಿ ಕೈ ಹಿಂದಕ್ಕೆ ತೆಗೆದುಕೊಂಡರು.

"ಒಂದು ಗ್ವಾಡಿ ಎತ್ತರ ಕಾಣಸ್ತದಲ್ಲ. ಇನ್ನೂ ಖಾರ ಇಳದಿಲ್ಲೇನೋ ನನಗ."

"ಇಲ್ರಿ ಸಾಹೇಬ್ರ," ಅಂದರು ದೊಡ್ಡ ಮಾಸ್ತರರು. "ನಿಮ್ಮ ಕಣ್ಣು ಸರಿ ಆಗ್ಯಾವ."

ಸಾಹೇಬರು ಒಳಗೆ ಹೋಗಿ ತೊಲೆಯನ್ನು ತಟ್ಟಿ ನೋಡಿದರು. ಗೋಡೆಯಲ್ಲಿ ಮಕ್ಕಳ ಕೈಗುರುತು, ಹೊಟ್ಟಿನ ಎಳೆ ಒಣಗಿ ಕುಂತಿದ್ದವು. ಹೊರಗೆ ಬಂದು, "ಹೆಂಚು ಕಳಸ್ತೇನಿ. ಯುಗಾದಿ ಮುಗದ ಮ್ಯಾಲ ಐದನೇ ಇಯತ್ತೆ ಇಲ್ಲೇ ಕುಂಡ್ರಲಿ," ಅಂದರು. ಟಾಂಗಾ ಹತ್ತಿದ ಮೇಲೆ ಇನ್ನೊಂದು ಮಾತು ಸೇರಿಸಿದರು: "ಇನ್ನೊಮ್ಮೆ ಸಾಲಿ ಹೊಲಕ್ಕ ಹೋಗೂದಿದ್ರ ನನಗ ಮೊದಲ ತಿಳಸ್ರಿ. ಕೈಚೀಲದಾಗ ಮಜ್ಜಿಗಿ ತರ್ತೇನಿ."

ಅವತ್ತು ಮಳೆ ಬರಲಿಲ್ಲ, ಮೋಡ ಹಾಗೆಯೇ ಹಾನಗಲ್ಲ ಕಡೆಗೆ ಹೋಯಿತು. ಸಾಹೇಬರು ಹೋದ ಮೇಲೆ ಹೊತ್ತಾಗಿತ್ತು, ಕೆಲವು ಸಾಲು ಉಳಿದುಬಿಟ್ಟವು. ಅವನ್ನು ಅಜ್ಜಿಯೇ ಬಿಡಿಸಿಕೊಂಡಳು.

ಹೆಂಚು ಬಂದವು. ಒಂದೇ ಇಳಿಜಾರಿನ ಕೋಣೆಯಲ್ಲಿ ಐದನೇ ಇಯತ್ತೆ ಕುಂತಿತು, ಕೇರಿಯ ಮಕ್ಕಳೂ ಅದೇ ಚಾಪೆಯ ಮೇಲೆ. ನನಗೆ ಮಾತ್ರ ಆ ಉಳಿದ ಸಾಲುಗಳು ಮನಸ್ಸಿನಲ್ಲಿದ್ದವು. ಒಂದು ಶನಿವಾರ ಮಧ್ಯಾಹ್ನ ಅಜ್ಜಿಯ ಮನೆಗೆ ಹೋಗಿ, ನಿನ್ನ ಮುಯ್ಯಿ ಪೂರ್ತಿ ತೀರಿಲ್ಲ, ಇವತ್ತು ಏನು ಕೆಲಸ ಇದ್ದರೂ ಹೇಳು, ಮುಗಿಸಿಬಿಡುತ್ತೇನೆ ಅಂದೆ. ಅವಳು ಅಕ್ಕಿ ಹಸನು ಮಾಡುತ್ತಿದ್ದವಳು ಮೊರ ಕೆಳಗಿಟ್ಟಳು. ಮುಖ ಗಂಟು ಹಾಕಿದ್ದಳು.

"ಮುಗಸಾಕ ಬಂದೀಯೇನು? ಯಾಕ, ನನ್ನ ಕೂಡ ಸಾಕಾತೇನು ನಿಮಗ? ನಮ್ಮ ಅತ್ತಿ ಹೇಳ್ತಿದ್ಲು, ಮುಯ್ಯಿ ಪೂರಾ ತೀರಸಾವ್ರು ಊರು ಬಿಡಾವ್ರು ಅಷ್ಟ. ನೀ ಏನು ಊರು ಬಿಡಾಕತ್ತೀಯೇನು?"

"ಇಲ್ಲಬೇ."

"ಹಂಗಾದ್ರ ಸುಮ್ನ ಹೋಗು. ಇರಲಿ ಅದು."

ಹೊಲದಲ್ಲಿ ದುಡಿದು ಬೆಳೆದ ನನಗೆ ಇದು ಗೊತ್ತಿರಬೇಕಿತ್ತು. ನಮ್ಮವ್ವನೂ ಯಾರ ಮುಯ್ಯಿಯನ್ನೂ ಪೂರ್ತಿ ತೀರಿಸಿದವಳಲ್ಲ. ದೊಡ್ಡ ಮಾಸ್ತರರಿಗೆ ಹೇಳಿದೆ. ಅವರು ಎಲೆ ಮಡಚುತ್ತ ಬಹಳ ಹೊತ್ತು ನಕ್ಕರು.

ಅಲ್ಲಿಂದ ಪ್ರತಿ ಸುಗ್ಗಿಯಲ್ಲಿ ಒಂದು ದಿನ ಶಾಲೆ ಅಜ್ಜಿಯ ಹೊಲಕ್ಕೆ ಹೋಗುವುದು ರೂಢಿಯಾಯಿತು. ನಾವು ಹೋಗಿ ಬಂದ ಮರುವಾರ ಅವಳು ತಪ್ಪದೆ ಒಂದು ಬುಟ್ಟಿ ಕೆಂಪು ಮಣ್ಣು ಹೊತ್ತು ಬರುತ್ತಿದ್ದಳು. ದಾರಿಯಲ್ಲಿ ಬಣವಿ ಜಗ್ಗುತ್ತಿದ್ದ ಮಕ್ಕಳಿಗೆ ಬೈದು, ತಗ್ಗಿನ ಗೋಡೆಯ ಬಿರುಕಿಗೆಲ್ಲ ಮಣ್ಣು ಮೆತ್ತಿ, ಕೈ ತೊಳೆದುಕೊಂಡು, ಐದನೇ ಇಯತ್ತೆಯ ಬಾಗಿಲಲ್ಲಿ ಇಣುಕಿ ಹೇಳಿ ಹೋಗುತ್ತಿದ್ದಳು:

"ಸಣ್ಣ ಮಾಸ್ತರ, ಮತ್ತ ನಿಮ್ಮ ಮ್ಯಾಲ ಆತು ನೋಡಪಾ."